ಎರವಲು ಪುಸ್ತಕದ ಋಣ

ಮನೆಯ ಕಂದಾಯ ಕಟ್ಟಿ ತಂದ ರಸೀದಿಯನ್ನು ಬೀರುವಿನೊಳಗೆ ಇಡುವ ಮುನ್ನ ಈ ಬಾರಿ ಒಮ್ಮೆ ಬಿಡಿಸಿ ಓದಿರಿ. ಆಸ್ತಿ ತೆರಿಗೆಯ ಮೊತ್ತದ ಕೆಳಗೆ ಸಣ್ಣಪುಟ್ಟ ಕರಗಳ ಪಟ್ಟಿಯೊಂದಿರುತ್ತದೆ. ಅದರಲ್ಲಿ ಗ್ರಂಥಾಲಯ ಕರ ಎಂಬುದೂ ಒಂದು ಬಾಬ್ತು. ತೆರಿಗೆಯ ಪ್ರತಿ ನೂರು ರೂಪಾಯಿಗೆ 6 ರೂಪಾಯಿ ಅದರ ಲೆಕ್ಕ. ವರ್ಷಕ್ಕೆ 2,000 ರೂಪಾಯಿ ತೆರಿಗೆ ಕಟ್ಟುವ ಕುಟುಂಬವು 120 ರೂಪಾಯಿಯನ್ನು ತನಗೆ ಅರಿವಿಲ್ಲದೆಯೇ ಊರಿನ ಪುಸ್ತಕಗಳಿಗಾಗಿ ಕೊಟ್ಟಿರುತ್ತದೆ. ನಮ್ಮ ರಾಜ್ಯವು ಇನ್ನೂ ಮೈಸೂರು ಎಂಬ ಹೆಸರಿನಲ್ಲಿದ್ದ ಕಾಲದಲ್ಲಿ, 1965ರಲ್ಲಿ, ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ರೂಪುಗೊಂಡಿತು. ಈ ಕರದ ಬೇರು ಇರುವುದು ಅಲ್ಲಿ.

ಕಳೆದ ಆಗಮನ ಕಾಲದಲ್ಲಿ ಕಿರು ಕ್ರೈಸ್ತ ಸಮುದಾಯಗಳ ಸಭೆಗೆ ಹೋದಾಗಲೆಲ್ಲ ನಾನು ಈ ವಿಷಯವನ್ನು ಪ್ರಸ್ತಾಪಿಸಿ ನೋಡಿದೆ. ಕರದ ಸಂಗತಿ ಗೊತ್ತಿದ್ದವರು ತೀರ ವಿರಳ. ಒಂದು ಮನೆಯಲ್ಲಂತೂ ಯಜಮಾನರು ಎದ್ದು ಹೋಗಿ ರಸೀದಿಯನ್ನೇ ತಂದು, ಕನ್ನಡಕ ಏರಿಸಿ, ಬೆರಳಿಟ್ಟು ಓದಿ, "ಹಾಗಾದರೆ ಇಷ್ಟು ವರ್ಷ ಕೊಟ್ಟದ್ದೆಲ್ಲ ಯಾರು ತಿಂದರು ಫಾದರ್?" ಎಂದು ಕೇಳಿದರು. ಸಂಗ್ರಹವಾದ ಕರವು ಗ್ರಂಥಾಲಯಗಳ ಕೈಗೆ ಸಕಾಲಕ್ಕೆ ಸೇರುವುದಿಲ್ಲವೆಂಬ ದೂರನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಆದರೂ ನಾನು ಅವರಿಗೆ ಕೊಟ್ಟ ಉತ್ತರ ಬೇರೆಯದಾಗಿತ್ತು. ತಿಂದವರು ಯಾರೆಂದು ತಿಳಿಯಬೇಕಾದರೆ ಒಂದು ಸಂಜೆ ನನ್ನೊಡನೆ ಬನ್ನಿ ಎಂದೆ.

ನಾನು ಈಗ ಸೇವೆಯಲ್ಲಿರುವ ಧರ್ಮಕೇಂದ್ರವು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನದು. ಇಲ್ಲಿಯ ಗ್ರಂಥಾಲಯ ಬಸ್ ನಿಲ್ದಾಣದ ಹಿಂಬದಿಯ ರಸ್ತೆಯಲ್ಲಿದೆ. ಮಂಗಳೂರು ಹೆಂಚಿನ ಮಾಡು, ಎರಡು ಕೋಣೆ, ಮುಂದೊಂದು ಜಗಲಿ. ಮುಂದಿನ ಕೋಣೆ ವಾಚನಾಲಯ. ಇಳಿಜಾರು ಮರದ ಮೇಜುಗಳ ಮೇಲೆ ದಿನಪತ್ರಿಕೆಗಳು. ಒಳಗಿನದು ಎರವಲು ವಿಭಾಗ. ಬಾಗಿಲ ಬಳಿ ಮೊಣಕಾಲೆತ್ತರದ ಒಂದು ಕಪಾಟು ಮಕ್ಕಳಿಗೆ ಮೀಸಲು. ಗ್ರಂಥಪಾಲಕಿ ಒಬ್ಬ ತಾಯಿ. ಅವರ ಮೇಜಿನ ಮೇಲೆ ಮುದ್ರೆ, ಶಾಯಿಯ ಪೆಟ್ಟಿಗೆ, ನೀರಿನ ಬಾಟಲಿ, ಹುಣಿಸೆ ಬೀಜದ ಒಂದು ಡಬ್ಬಿ. ಆ ಬೀಜಗಳೇಕೆ ಎಂದು ಕೇಳಿದರೆ, ಗಾಳಿಗೆ ಚೀಟಿಗಳು ಹಾರದಂತೆ ಡಬ್ಬಿಗೆ ಭಾರ ಬೇಕಲ್ಲ ಎನ್ನುತ್ತಾರೆ. ಮಕ್ಕಳು ಚೌಕಾಬಾರ ಆಡಲು ಕೇಳಿದರೆ ಅದೇ ಡಬ್ಬಿ ತೆರೆಯುತ್ತದೆ.

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ನಿವೃತ್ತರು ಬಂದು ಕುಳಿತಿರುತ್ತಾರೆ. ನಮ್ಮ ನಡುವೆ ಒಂದು ಅಲಿಖಿತ ಒಪ್ಪಂದವಿದೆ. ಒಂದೇ ಪತ್ರಿಕೆಯ ಹಾಳೆಗಳು ಬಿಡಿಬಿಡಿಯಾಗಿ ಕೈಯಿಂದ ಕೈಗೆ ಹೋಗುತ್ತವೆ. ಬಸವಣ್ಣನ ಗುಡಿಯ ಅರ್ಚಕರಿಗೆ ಮೊದಲು ಕ್ರೀಡಾಪುಟ ಬೇಕು. ಮಸೀದಿ ಬೀದಿಯಲ್ಲಿ ಗಡಿಯಾರ ರಿಪೇರಿ ಮಾಡುವ ಸಾಹೇಬರಿಗೆ ಪದಬಂಧ. ನನಗೆ ನಿಧನ ವಾರ್ತೆಗಳ ಪುಟ. ಅದು ವೃತ್ತಿಯಿಂದ ಬಂದ ಅಭ್ಯಾಸ. ಊರಿನ ಬೇರಾವ ಸೂರಿನ ಕೆಳಗೂ ನಾವು ಮೂವರು ಹೀಗೆ ಮೊಣಕೈ ತಾಗುವಂತೆ ಪ್ರತಿದಿನ ಕೂರುವ ಸಂದರ್ಭವಿಲ್ಲ. ಸೌಹಾರ್ದ ಸಭೆಗಳಲ್ಲಿ ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸುತ್ತಾರೆ, ನಿಜ. ಆದರೆ ಅಲ್ಲಿ ನಾವು ಮಾತನಾಡುತ್ತೇವೆ. ಇಲ್ಲಿ ಮಾತಿಲ್ಲ, ಹಾಳೆಯೊಂದು ಸದ್ದಿಲ್ಲದೆ ಬದಲಾಗುತ್ತದೆ, ಅಷ್ಟೆ.

ಹತ್ತು ಗಂಟೆಯ ಮೇಲೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ತರುಣರು ಬರುತ್ತಾರೆ. ತೋಟದ ಲೈನ್ ಮನೆಗಳಲ್ಲಿ ಬೆಳೆದವರು, ಮನೆಯಲ್ಲಿ ಮೇಜಿಲ್ಲದವರು. ಇವರು ಗ್ರಂಥಾಲಯವನ್ನು ಬರೀ ಓದುಕೊಠಡಿಯಾಗಿಸಿದ್ದಾರೆ, ಒಂದು ಕಾದಂಬರಿಯನ್ನೂ ಮುಟ್ಟುವುದಿಲ್ಲ ಎಂದು ಹಿರಿಯರು ಗೊಣಗುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಒಂದು ಫ್ಯಾನು, ಒಂದು ದೀಪ, ಎದ್ದು ಹೋಗೆನ್ನದ ಒಂದು ಕುರ್ಚಿ, ಇವು ಕಾದಂಬರಿಗಿಂತ ಮೊದಲು ಬೇಕಾದವು.

ಇನ್ನು ನಾನು ಅಲ್ಲಿ ಪಡೆದುಕೊಂಡದ್ದೇನು ಎಂಬುದನ್ನು ಹೇಳಬೇಕು. ಈ ಊರಿಗೆ ಬಂದ ಮೊದಲ ಮಳೆಗಾಲದಲ್ಲಿ ಎರವಲು ವಿಭಾಗದ ಕೆಳಗಿನ ಅಡ್ಡಹಲಗೆಯಿಂದ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಕೈಗೆ ಬಂತು. 1976ರಲ್ಲಿ ಪ್ರಕಟವಾಗಿ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಪುಸ್ತಕವದು. ಸಸ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಕಥನ. ನಗಿಸುತ್ತಲೇ ಎಲೆಯ ನರವನ್ನೂ ಹೂವಿನ ದಳವನ್ನೂ ಪರಿಚಯಿಸುವ ಜಾಣ್ಮೆ ಅದರಲ್ಲಿದೆ. ಅದರ ರೇಖಾಚಿತ್ರಗಳು ಸ್ವಾಮಿಯವರ ಕೈಯವೇ. ಪುಸ್ತಕ ಓದಿ ಮುಗಿಸಿದ ಮರುದಿನ ಗುರುನಿವಾಸದ ಅಂಗಳದಲ್ಲಿ ಕಳೆಯೆಂದು ಕಿತ್ತೆಸೆಯಲು ಹೇಳಿದ್ದ ತುಂಬೆ ಗಿಡವನ್ನು ನಾನು ಮೊದಲ ಬಾರಿಗೆ ನೋಡಿದೆ ಎನ್ನಬೇಕು. ಒಂದು ಪೆನ್ಸಿಲು, ಗೆರೆಯಿಲ್ಲದ ನೂರು ಪುಟದ ಒಂದು ನೋಟುಬುಕ್ಕು ಕೊಂಡೆ. ಅಂದಿನಿಂದ ದಿನಕ್ಕೊಂದು ಎಲೆ. ಒಂದೆಲಗ, ಬಸಳೆ, ಅತ್ತಿ, ಕಾಫಿ ತೋಟದ ನೆರಳಿಗೆ ಬೆಳೆಸುವ ಹಾಲುವಾಣ. ಬೆಳಗಿನ ಬಲಿಪೂಜೆ ಮುಗಿಸಿ ಕಾಫಿ ಕುಡಿಯುವ ಹೊತ್ತಿನ ಕಾಲು ಗಂಟೆ ಅದಕ್ಕೆ ಮೀಸಲು. ಚಿತ್ರಗಳು ಚೆನ್ನಾಗಿಲ್ಲ. ಅತ್ತಿಯ ಎಲೆ ನನ್ನ ಕೈಯಲ್ಲಿ ಸೌಟಿನಂತೆ ಬರುತ್ತದೆಂದು ನಮ್ಮ ಅಡುಗೆಯಾಕೆ ಹೇಳಿದ್ದು ಸತ್ಯ.

ಆದರೆ ಗೆರೆ ಎಳೆಯುವ ಆ ಹದಿನೈದು ನಿಮಿಷದಲ್ಲಿ ಕಣ್ಣು ಎಲೆಯ ಅಂಚಿನಲ್ಲಿ ನಡೆಯುತ್ತದೆ. ಬೇರೆ ಯಾವ ಚಿಂತೆಯೂ ಅಲ್ಲಿಗೆ ಬರುವುದಿಲ್ಲ. ದೇವರು ಒಂದು ಒಂದೆಲಗದ ತೊಟ್ಟಿಗಾಗಿ ಇಷ್ಟು ಸಹನೆ ವ್ಯಯಿಸಿರುವಾಗ, ಎಂದು ಮನಸ್ಸು ತನ್ನಷ್ಟಕ್ಕೆ ಮೃದುವಾಗುತ್ತದೆ. ಆ ದಿನ ಆಡಳಿತ ಸಮಿತಿಯ ಸಭೆಯಿದ್ದರೆ ಅಲ್ಲಿಯೂ ಅದರ ಪ್ರಯೋಜನ ಕಾಣುತ್ತದೆ.

ನಮ್ಮವರಿಗೆ ಹೆಮ್ಮೆಯೆನಿಸುವ ಸಂಗತಿಯೊಂದನ್ನು ಇಲ್ಲಿ ಸೇರಿಸುತ್ತೇನೆ. 'ಹಸುರು ಹೊನ್ನು' ಹೊರಬಂದ ಅದೇ 1976ರಲ್ಲಿ ನಮ್ಮ ಹಾಸನ ಜಿಲ್ಲೆಯ ಸಸ್ಯಸಂಪತ್ತನ್ನು ಕುರಿತ ಇಂಗ್ಲಿಷ್ ಬೃಹದ್ಗ್ರಂಥವೊಂದು ಪ್ರಕಟವಾಯಿತು. ಅದರ ಸಂಪಾದಕರಿಬ್ಬರಲ್ಲಿ ಒಬ್ಬರು ಅಮೆರಿಕದ ಡ್ಯಾನ್ ನಿಕೋಲ್ಸನ್. ಇನ್ನೊಬ್ಬರು ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನ ಸಸ್ಯವಿಜ್ಞಾನಿ, ಯೇಸುಸಭೆಯ ಗುರು ಫಾದರ್ ಸೆಸಿಲ್ ಸಲ್ಡಾನ್ಹಾ. ಮುಂದೆ ಇಡೀ ಕರ್ನಾಟಕದ ಸಸ್ಯಗಳನ್ನು ಕುರಿತ ಸಂಪುಟಗಳನ್ನೂ ಅವರು ಹೊರತಂದರು. ಆ ಗ್ರಂಥ ನಮ್ಮ ತಾಲ್ಲೂಕಿನ ಕಪಾಟಿನಲ್ಲಿಲ್ಲ. ಬೆಂಗಳೂರಿಗೆ ಹೋದಾಗ ನೋಡಿ ಬಂದೆ. ಗುರುವೊಬ್ಬರು ನಮ್ಮದೇ ಜಿಲ್ಲೆಯ ಗಿಡಗಂಟಿಗಳನ್ನು ಹೆಸರಿಟ್ಟು ಕರೆದು ದಾಖಲಿಸಿದ್ದಾರೆಂಬುದು ನಮ್ಮ ಧರ್ಮೋಪದೇಶದ ಮಕ್ಕಳಿಗೆ ಗೊತ್ತಿರಬೇಡವೇ?

ಕೈಯಿಂದ ಏನಾದರೊಂದನ್ನು ಮಾಡುವ ಸುಖವನ್ನು ನಾವು ವಿರಾಮದ ಆಟವೆಂದು ಬದಿಗೆ ಸರಿಸುತ್ತೇವೆ. ಪವಿತ್ರ ಗ್ರಂಥವು ಹಾಗೆ ಸರಿಸುವುದಿಲ್ಲ. ವಿಮೋಚನಾಕಾಂಡದ 31ನೇ ಅಧ್ಯಾಯವನ್ನು ತೆರೆದು ನೋಡಿರಿ. ದೇವರು ಬೆಚಲೇಲನೆಂಬ ಕುಶಲಕರ್ಮಿಯನ್ನು ಹೆಸರಿಟ್ಟು ಕರೆಯುತ್ತಾರೆ. ಅವನನ್ನು ದೇವರ ಆತ್ಮದಿಂದ ತುಂಬುತ್ತಾರೆ. ಏಕೆ? ಪ್ರವಾದನೆಗಲ್ಲ, ಯುದ್ಧಕ್ಕಲ್ಲ. ಚಿನ್ನ, ಬೆಳ್ಳಿ, ತಾಮ್ರದಲ್ಲಿ ಕೆಲಸ ಮಾಡಲು, ಕಲ್ಲು ಕೆತ್ತಲು, ಮರ ಕೊರೆಯಲು. ನಮ್ಮ ಬಲಿಪೂಜೆಯಲ್ಲಿಯೂ ಕಾಣಿಕೆಯ ಸಮಯದಲ್ಲಿ ಪೀಠಕ್ಕೆ ತರುವುದು ಗೋಧಿಯನ್ನಲ್ಲ, ರೊಟ್ಟಿಯನ್ನು; ದ್ರಾಕ್ಷಿಯನ್ನಲ್ಲ, ದ್ರಾಕ್ಷಾರಸವನ್ನು. ದೇವರು ಕೊಟ್ಟದ್ದಕ್ಕೆ ಮನುಷ್ಯನ ಕೈ ತಾಗಿದ ಮೇಲೆಯೇ ಅದು ಕಾಣಿಕೆಯಾಗುತ್ತದೆ.

ನಮ್ಮ ದೇವಾಲಯದ ಪೀಠದ ವಸ್ತ್ರವನ್ನು ಈಚೆಗೆ ನೀವು ಯಾರಾದರೂ ಬಂದು ನೋಡಿದ್ದರೆ, ಅದರ ಅಂಚಿನಲ್ಲಿ ದ್ರಾಕ್ಷಿ ಬಳ್ಳಿ, ಗೋಧಿ ತೆನೆಗಳ ಕಸೂತಿಯನ್ನು ಗಮನಿಸಿರುತ್ತೀರಿ. ಅದನ್ನು ಹಾಕಿದವರು ಮನೆಯಲ್ಲೇ ರವಿಕೆ ಹೊಲಿಯುವ ನಮ್ಮ ಧರ್ಮಕೇಂದ್ರದ ಒಬ್ಬ ಗೃಹಿಣಿ. ಪತಿ ಸರಕು ಆಟೋ ಓಡಿಸುತ್ತಾರೆ. ಧಾರವಾಡದ ಕಡೆಯ ಕಸೂತಿಯನ್ನು ಈಕೆ ಯಾರಿಂದಲೂ ಕಲಿತವರಲ್ಲ. ಕಲಿಸಿದ್ದು ಗ್ರಂಥಾಲಯದಿಂದ ತಂದ ಒಂದು ಪುಸ್ತಕ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳು. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವಂತಿಲ್ಲ. ನೆಯ್ಗೆಯ ಎಳೆಗಳನ್ನು ಎಣಿಸಿಯೇ ಸೂಜಿ ಹಾಕಬೇಕು. ದಾರಕ್ಕೆ ಗಂಟು ಬೀಳಕೂಡದು. ಗವಂತಿಯಲ್ಲಿ ಹೊಲಿದರೆ ಬಟ್ಟೆಯ ಎರಡು ಮುಖವೂ ಒಂದೇ ತೆರನಾಗಿ ಕಾಣುತ್ತವೆ. ಸಂಪ್ರದಾಯದ ತೇರು, ಗೋಪುರಗಳ ಜಾಗದಲ್ಲಿ ಈ ತಾಯಿ ದ್ರಾಕ್ಷಿಯ ಗೊಂಚಲನ್ನು ತಾವೇ ಲೆಕ್ಕ ಹಾಕಿ, ಚೌಕುಳಿ ಕಾಗದದ ಮೇಲೆ ಗುರುತಿಸಿ, ನಾಲ್ಕು ತಿಂಗಳು ರಾತ್ರಿ ಹೊತ್ತು ಕುಳಿತು ಮುಗಿಸಿದರು.

"ಹಿಂಭಾಗ ಯಾರಿಗೆ ಕಾಣುತ್ತದೆ ಅಂತ ನಮ್ಮತ್ತೆ ಕೇಳ್ತಾರೆ ಫಾದರ್" ಎಂದು ವಸ್ತ್ರ ಒಪ್ಪಿಸುವಾಗ ಹೇಳಿ ನಕ್ಕರು. "ಒಗೆದು ಒಣಗಿಸೋಳು ನಾನೇ ಅಲ್ವಾ, ನನಗೆ ಕಾಣುತ್ತದೆ."

ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಅವರ ಮತ್ತೊಂದು ಮಾತು. ಆ ಪುಸ್ತಕವನ್ನು ಅವರು ಎರಡು ವರ್ಷ ತಮ್ಮ ಮಗಳ ಚೀಟಿಯ ಮೇಲೆ ತರಿಸಿಕೊಂಡು ಓದಿದ್ದರು. ಅವಧಿ ಮುಗಿದಾಗ ಹುಡುಗಿ ಹಿಂದಿರುಗಿಸಿ, ಒಂದು ವಾರ ಬಿಟ್ಟು ಮತ್ತೆ ತರುವುದು. ತಾವೇ ಏಕೆ ಹೋಗಲಿಲ್ಲ? ಮುಂದಿನ ಕೋಣೆಯ ತುಂಬ ಗಂಡಸರು ಕುಳಿತಿರುತ್ತಾರೆ. ಹೆಂಗಸೊಬ್ಬಳು ಮೆಟ್ಟಿಲು ಹತ್ತಿದರೆ ಎಲ್ಲ ಪತ್ರಿಕೆಗಳೂ ಒಮ್ಮೆಗೇ ಕೆಳಗಿಳಿಯುತ್ತವೆ. ಆ ನೋಟವನ್ನು ದಾಟಿ ಒಳಕೋಣೆಗೆ ಹೋಗುವುದಕ್ಕೆ ಧೈರ್ಯ ಸಾಲಲಿಲ್ಲ ಎಂದರು. ಓದುಗ ಮಹನೀಯರೇ, ನಮ್ಮ ಮನೆಗಳ ಎಷ್ಟು ತಾಯಂದಿರು, ಅಕ್ಕತಂಗಿಯರು ಆ ಹದಿನೈದು ಅಡಿ ಜಾಗದ ಈಚೆಗೇ ನಿಂತುಹೋಗಿದ್ದಾರೆ! ಯಾವ ಫಲಕವೂ ಅವರನ್ನು ತಡೆದಿಲ್ಲ. ಕಾಯಿದೆಯಲ್ಲಿ ಬಾಗಿಲು ಎಲ್ಲರಿಗೂ ತೆರೆದೇ ಇದೆ. ಈಗ ಈ ತಾಯಿ ತಮ್ಮದೇ ಹೆಸರಿನ ಸದಸ್ಯತ್ವ ಪಡೆದಿದ್ದಾರೆ. ಮೊದಲ ದಿನ ಜೊತೆಗೆ ಹೋದವರು ನಮ್ಮ ಕಾನ್ವೆಂಟಿನ ಇಬ್ಬರು ಧರ್ಮಭಗಿನಿಯರು. ಪತ್ರಿಕೆಗಳು ಕೆಳಗಿಳಿದವಂತೆ, ಮತ್ತೆ ಮೇಲೇರಿದವಂತೆ.

ಗ್ರಂಥಾಲಯದ ಹಿಂಬದಿಯ ಮಾಡಿನಡಿ ಶನಿವಾರ ಮಧ್ಯಾಹ್ನ ಹೋದರೆ ನಮ್ಮವರೇ ಆದ ಇನ್ನೊಬ್ಬರನ್ನು ಕಾಣಬಹುದು. ಎಪ್ಪತ್ತು ದಾಟಿದ ಹಿರಿಯರು, ಮುದ್ರಣಾಲಯವೊಂದರಲ್ಲಿ ಬೈಂಡಿಂಗ್ ಕೆಲಸ ಮಾಡಿ ನಿವೃತ್ತರಾದವರು. ಹರಿದ ಪುಸ್ತಕಗಳನ್ನು ಹೊಲಿದು ಕೊಡುತ್ತಾರೆ. ಸಂಬಳವಿಲ್ಲ, ರಟ್ಟು, ಕ್ಯಾಲಿಕೋ ಬಟ್ಟೆ ಮಾತ್ರ ಗ್ರಂಥಾಲಯದ್ದು. ಅಂಟನ್ನು ಮನೆಯಿಂದಲೇ ಕಾಯಿಸಿ ತರುತ್ತಾರೆ. ಮೈದಾ ಹಿಟ್ಟನ್ನು ಗಂಟಾಗದಂತೆ ಕಲಸಿ, ಸಣ್ಣ ಉರಿಯಲ್ಲಿ ಬೇಯಿಸಿ, ಹುಳು ಬರದಿರಲೆಂದು ಒಂದು ಚಿಟಿಕೆ ಮೈಲುತುತ್ತ ಬೆರೆಸಬೇಕು. ಹೆಚ್ಚಾದರೆ ಕಾಗದ ಕೆಡುತ್ತದೆ, ಕಡಿಮೆಯಾದರೆ ಜಿರಲೆಗೆ ಹಬ್ಬ. ಹೊಲಿಯುವ ದಾರವನ್ನು ಜೇನುಮೇಣದ ಉಂಡೆಯ ಮೇಲೆ ಎರಡು ಸಲ ಎಳೆಯುತ್ತಾರೆ. ಹಾಳೆಗಳ ಮಡಿಕೆಯನ್ನು ಎಲುಬಿನ ಪಟ್ಟಿಯಿಂದ ತೀಡಿ, ಬೆನ್ನಿಗೆ ಅಂಟು ಬಳಿದು, ಎರಡು ಹಲಗೆಗಳ ನಡುವೆ ಇಟ್ಟು, ಮೇಲೆ ರುಬ್ಬುವ ಗುಂಡು ಹೇರುತ್ತಾರೆ. ಆ ಗುಂಡು ಎಲ್ಲಿಯದೆಂದು ಕೇಳಿದೆ. ಮಿಕ್ಸಿ ಬಂದ ಮೇಲೆ ಸೊಸೆ ಹೊರಗಿಟ್ಟಿದ್ದಂತೆ.

ಇವರು ಓದಿದ್ದು ನಾಲ್ಕನೆಯ ತರಗತಿ. ಆದರೂ ಯಾವ ಪುಸ್ತಕ ಹೆಚ್ಚು ಓದಿಸಿಕೊಳ್ಳುತ್ತದೆಂದು ಊರಿನಲ್ಲಿ ಇವರಷ್ಟು ಖಚಿತವಾಗಿ ಹೇಳಬಲ್ಲವರು ಇಲ್ಲ. ಮಕ್ಕಳ ಕಪಾಟಿನ ಶಿವರಾಮ ಕಾರಂತರ 'ಬಾಲಪ್ರಪಂಚ'ದ ಒಂದು ಸಂಪುಟ ಇವರ ಕೈಗೆ ಮೂರು ಬಾರಿ ಬಂದಿದೆ. ನಿರಂಜನರ ಸಂಪಾದಕತ್ವದ 'ವಿಶ್ವಕಥಾಕೋಶ'ದ ಇಪ್ಪತ್ತೈದು ಸಂಪುಟಗಳಲ್ಲಿ ಇಲ್ಲಿರುವವೆಲ್ಲ ಬೆನ್ನು ಬದಲಿಸಿಕೊಂಡಿವೆ. "ಹರಿದು ಬಂದದ್ದಕ್ಕೆ ನಾನು ಮರುಗೋದಿಲ್ಲ ಸ್ವಾಮಿ" ಎಂದರು ಒಮ್ಮೆ. "ಅಲ್ಲಿ ಮೇಲಿನ ಹಲಗೆಯಲ್ಲಿ ಇದಾವಲ್ಲ, ಹೊಸದಾಗಿ ಬಂದು ಹೊಸದಾಗೇ ಹಳೇವಾದವು, ಅವನ್ನು ಕಂಡರೆ ಸಂಕಟ."

ಗುರುಮಠದಲ್ಲಿದ್ದಾಗ ನಮಗೆ ಗ್ರಂಥಾಲಯದಲ್ಲಿ ಸಾವಿರಾರು ಗ್ರಂಥಗಳಿದ್ದವು. ತತ್ವಶಾಸ್ತ್ರ, ದೈವಶಾಸ್ತ್ರ, ಸಭಾಪಿತೃಗಳ ಬರಹಗಳು. ಪರೀಕ್ಷೆಗೆ ಬೇಕಾದುದನ್ನು ಓದಿದೆವು, ಹಲವನ್ನು ಪ್ರೀತಿಯಿಂದಲೇ ಓದಿದೆವು. ಆದರೆ ಪುಸ್ತಕವನ್ನು ಎರವಲು ಪಡೆಯುವುದರಲ್ಲಿಯೇ ಒಂದು ಆಧ್ಯಾತ್ಮಿಕತೆ ಇದೆಯೆಂದು ನನಗೆ ಹೊಳೆದದ್ದು ಈ ಹೆಂಚಿನ ಮಾಡಿನ ಕೆಳಗೆ. ಸಂತ ಲೂಕನ ಶುಭಸಂದೇಶದ ನಾಲ್ಕನೆಯ ಅಧ್ಯಾಯದ ಸನ್ನಿವೇಶವನ್ನು ನಾವು ಎಷ್ಟೋ ಬಾರಿ ಕೇಳಿದ್ದೇವೆ. ಯೇಸುಸ್ವಾಮಿ ತಾವು ಬೆಳೆದ ನಜರೇತಿನ ಪ್ರಾರ್ಥನಾಮಂದಿರದಲ್ಲಿ ಓದಲು ಎದ್ದು ನಿಲ್ಲುತ್ತಾರೆ. ಪ್ರವಾದಿ ಯೆಶಾಯನ ಸುರುಳಿಯನ್ನು ಅವರ ಕೈಗೆ ಕೊಡಲಾಗುತ್ತದೆ. ಬೇಕಾದ ಭಾಗವನ್ನು ಅವರು ಬಿಡಿಸಿ ಹುಡುಕಿ ಓದುತ್ತಾರೆ. ಓದಿದ ಮೇಲೆ? ಸುರುಳಿಯನ್ನು ಸುತ್ತಿ, ಅಲ್ಲಿಯ ಸೇವಕನ ಕೈಗೆ ಹಿಂದಿರುಗಿಸಿ ಕುಳಿತುಕೊಳ್ಳುತ್ತಾರೆ. ನಮ್ಮ ಪ್ರಬೋಧನೆಗಳೆಲ್ಲ ಓದಿದ ಮಾತುಗಳ ಕುರಿತೇ ಇರುತ್ತವೆ, ಇರಬೇಕಾದದ್ದೂ ಸರಿಯೇ. ಆದರೆ ಆ ಸೇವಕನನ್ನು ಕುರಿತು ಯಾರೂ ಮಾತನಾಡಿದ್ದನ್ನು ನಾನು ಕೇಳಿಲ್ಲ. ಚರ್ಮದ ಮೇಲೆ ಕೈಯಿಂದ ಬರೆದ ಸುರುಳಿಗಳು ಅತಿ ಬೆಲೆಯುಳ್ಳವು. ಬಡಗಿಯ ಮನೆಯಲ್ಲಿ ಅಂಥವುಗಳ ಸಂಗ್ರಹವಿದ್ದೀತೆಂದು ಊಹಿಸುವುದು ಕಷ್ಟ. ಊರಿನವರೆಲ್ಲರ ಪರವಾಗಿ ಅದನ್ನು ಕಾಪಾಡಿ, ಶುಚಿಯಾಗಿಟ್ಟು, ಓದುವವನ ಕೈಗೆ ಕೊಟ್ಟು, ಮತ್ತೆ ಪಡೆದು ಸ್ವಸ್ಥಾನದಲ್ಲಿ ಇಡುವ ಒಬ್ಬ ಹೆಸರಿಲ್ಲದ ಮನುಷ್ಯ ಅಲ್ಲಿದ್ದ. ನಮ್ಮ ಪ್ರಭು ಅವನ ಕೈಯಿಂದ ಪಡೆದರು, ಅವನ ಕೈಗೇ ಮರಳಿಸಿದರು.

ಸಂತ ಪೌಲನ ವಿಷಯವೂ ಹಾಗೆಯೇ. ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ, ಸೆರೆಯಲ್ಲಿರುವ ವೃದ್ಧ ಪ್ರೇಷಿತನಿಗೆ ಬೇಕೆನಿಸುವ ವಸ್ತುಗಳು ಎರಡೇ. ತ್ರೋವದಲ್ಲಿ ಕರ್ಪನ ಮನೆಯಲ್ಲಿ ಬಿಟ್ಟುಬಂದ ಮೇಲಂಗಿ, ಮತ್ತೆ ಪುಸ್ತಕಗಳು, ಅವುಗಳಲ್ಲೂ ಚರ್ಮದ ಹಾಳೆಯವು. ಚಳಿ ಹತ್ತಿರವಾಗುತ್ತಿದೆ, ಮರಣವೂ ಹತ್ತಿರವಾಗುತ್ತಿದೆ, ಆದರೂ ಓದು ಬಾಕಿಯಿದೆ.

ಆರನೆಯ ಶತಮಾನದ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯ 48ನೇ ಅಧ್ಯಾಯದಲ್ಲಿ ಇನ್ನೂ ಸ್ಪಷ್ಟವಾಗಿದ್ದಾರೆ. ತಪಸ್ಸುಕಾಲದ ಆರಂಭದಲ್ಲಿ ಪ್ರತಿಯೊಬ್ಬ ಸನ್ಯಾಸಿಗೂ ಗ್ರಂಥಾಲಯದಿಂದ ಒಂದೊಂದು ಗ್ರಂಥ ಕೊಡಬೇಕು. ಅವನು ಅದನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಓದಬೇಕು. ಮಾಂಸ ಬಿಡುವುದು, ಸಿಹಿ ಬಿಡುವುದು ನಮಗೆ ಗೊತ್ತಿರುವ ವ್ರತಗಳು. ಒಂದು ಪುಸ್ತಕ ಹಿಡಿಯುವುದೂ ತಪಸ್ಸುಕಾಲದ ವ್ರತವೆಂಬುದನ್ನು ನಾವು ಎಲ್ಲಿ ಕೈಬಿಟ್ಟೆವೋ.

ಪೋಪ್ ಫ್ರಾನ್ಸಿಸ್‌ರವರು 2025ರ ಏಪ್ರಿಲ್ 21ರಂದು ದೈವಾಧೀನರಾಗುವುದಕ್ಕೆ ಒಂದು ವರ್ಷ ತುಂಬುವಷ್ಟೂ ಮುಂಚೆಯಲ್ಲ, 2024ರ ಜುಲೈ 17ರ ದಿನಾಂಕದಲ್ಲಿ, ಸಾಹಿತ್ಯದ ಓದನ್ನು ಕುರಿತು ಒಂದು ಪತ್ರ ಬರೆದರು. ಗುರು ಅಭ್ಯರ್ಥಿಗಳ ತರಬೇತಿಗೆಂದು ಆರಂಭಿಸಿದ ಪತ್ರವನ್ನು ಎಲ್ಲ ಕ್ರೈಸ್ತರಿಗೂ ಅನ್ವಯಿಸಿ ಬರೆಯುತ್ತೇನೆಂದು ಅವರೇ ಹೇಳಿಕೊಂಡಿದ್ದಾರೆ. ಅದರಲ್ಲಿ ಅವರ ತಾರುಣ್ಯದ ಒಂದು ನೆನಪು ಬರುತ್ತದೆ. 1964-65ರಲ್ಲಿ ಅರ್ಜೆಂಟೀನಾದ ಸಾಂತಾ ಫೆ ಎಂಬಲ್ಲಿ ಯೇಸುಸಭೆಯ ಶಾಲೆಯೊಂದರಲ್ಲಿ ಅವರು ಸಾಹಿತ್ಯದ ಅಧ್ಯಾಪಕರು. ಪಠ್ಯದಲ್ಲಿದ್ದ ಹಳೆಯ ಮಹಾಕಾವ್ಯ ಹುಡುಗರಿಗೆ ಬೇಸರ ತರಿಸಿತ್ತು. ಅವರಿಗೆ ತಮ್ಮ ಕಾಲದ ಕವಿ ಲೋರ್ಕಾ ಬೇಕಿತ್ತು. ಅಧ್ಯಾಪಕರು ಗದರಿಸಲಿಲ್ಲ. ಪಠ್ಯವನ್ನು ಮನೆಯಲ್ಲಿ ಓದಿಕೊಳ್ಳಿ ಎಂದು, ತರಗತಿಯಲ್ಲಿ ಅವರು ಬಯಸಿದ್ದನ್ನು ಓದಿಸಿದರು. ಮಕ್ಕಳಿಗೆ ಸಂತರ ಚರಿತ್ರೆ ಬಿಟ್ಟು ಬೇರೇನೂ ಓದಿಸಕೂಡದೆಂದು ಹಠ ಹಿಡಿಯುವ ನಮ್ಮ ಕೆಲವು ತಂದೆತಾಯಂದಿರಿಗೆ ನಾನು ಈ ಪ್ರಸಂಗವನ್ನು ಹೇಳುತ್ತಿರುತ್ತೇನೆ.

ಭಾರತದ ಗ್ರಂಥಾಲಯ ಚಳವಳಿಗೆ ದಾರಿ ತೋರಿದ ಎಸ್.ಆರ್. ರಂಗನಾಥನ್ ಅವರು ತಮ್ಮ ಬಾಳಿನ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. ನಿಧನರಾದದ್ದೂ ಅಲ್ಲಿಯೇ, 1972ರಲ್ಲಿ. ಗಣಿತದ ಅಧ್ಯಾಪಕರಾಗಿದ್ದ ಅವರು 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಕೊಟ್ಟರು. ಪುಸ್ತಕವಿರುವುದು ಬಳಸುವುದಕ್ಕೆ ಎಂಬುದು ಅವುಗಳಲ್ಲಿ ಮೊದಲನೆಯದರ ಭಾವ. ಕೇಳಲು ಎಷ್ಟು ಸರಳ! ಆದರೆ ನಮ್ಮ ಧರ್ಮಕೇಂದ್ರಗಳ ಸಭಾಂಗಣದ ಮೂಲೆಯಲ್ಲಿರುವ ಗಾಜಿನ ಬೀರುವನ್ನು ನೆನಪಿಸಿಕೊಳ್ಳಿ. ಒಳಗೆ ಪುಸ್ತಕ, ಹೊರಗೆ ಬೀಗ. ಬೀಗದ ಕೈ ಯಾರ ಬಳಿಯಿದೆಯೆಂದು ಕೇಳಿದರೆ ಹಿಂದಿನ ಕಾರ್ಯದರ್ಶಿಯ ಹೆಸರು ಬರುತ್ತದೆ. ಅವರು ಬೆಂಗಳೂರಿಗೆ ಹೋಗಿ ವರ್ಷಗಳಾಗಿವೆ. ನಮ್ಮಲ್ಲಿಯ ಬೀರುವಿನ ಬೀಗವನ್ನು ಈ ವರ್ಷ ತೆಗೆಸಿದೆವು. ಪುಸ್ತಕಗಳು ಕಳುವಾಗುತ್ತವೆಂದು ಆತಂಕಪಟ್ಟವರಿಗೆ, ಕಳುವಾಗುವಷ್ಟು ಬೇಡಿಕೆ ಬಂದರೆ ಹೊಸವನ್ನೇ ಕೊಳ್ಳೋಣ ಎಂದಿದ್ದೇನೆ.

ಹಳ್ಳಿಗಳಲ್ಲಿ, ತೋಟಗಳ ಸುತ್ತಿನಲ್ಲಿ ಇರುವ ಓದುಗರು ತಾಲ್ಲೂಕು ಕೇಂದ್ರದವರೆಗೆ ಬರಬೇಕಾಗಿಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಆಶ್ರಯಕ್ಕೆ ಬಂದವು. ರಾಜ್ಯದಲ್ಲಿ ಅವು ಐದು ಸಾವಿರಕ್ಕೂ ಹೆಚ್ಚಿವೆ. ಮಹಾಮಾರಿಯ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರಿನಲ್ಲಿ, 'ಓದುವ ಬೆಳಕು' ಎಂಬ ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡತೊಡಗಿದರು. ಈಗ 'ಅರಿವು ಕೇಂದ್ರ' ಎಂಬ ಫಲಕ ಕಂಡರೆ ಅದೇ ಎಂದು ತಿಳಿಯಿರಿ.

ಈಗ ನಮ್ಮೂರಿನ ಸಂಕಟದ ಮಾತಿಗೆ ಬರುತ್ತೇನೆ. ಗ್ರಂಥಾಲಯದ ಜಾಗಕ್ಕೆ ಬೆಲೆ ಬಂದಿದೆ. ಅದನ್ನು ಕೆಡವಿ ಮಳಿಗೆಗಳನ್ನು ಕಟ್ಟಿಸಿ, ಗ್ರಂಥಾಲಯವನ್ನು ಮಾರುಕಟ್ಟೆ ಕಟ್ಟಡದ ಎರಡನೆಯ ಮಹಡಿಗೆ ಒಯ್ಯುವ ಪ್ರಸ್ತಾಪವಿದೆ. ಹೊಸ ಜಾಗ ಹೆಚ್ಚು ವಿಶಾಲವೆಂದು ಹೇಳುತ್ತಾರೆ, ಇರಬಹುದು. ನಾನು ಹೋಗಿ ಮೆಟ್ಟಿಲುಗಳನ್ನು ಎಣಿಸಿದೆ, ನಲವತ್ತೆರಡು. ಕೆಳಗೆ ಮದ್ಯದಂಗಡಿ. ಮಂಡಿನೋವಿನ ನಿವೃತ್ತರು ಹತ್ತಲಾರರು. ಸಂಜೆ ಆರರ ಮೇಲೆ ಆ ಮೆಟ್ಟಿಲಲ್ಲಿ ಯಾವ ತಾಯಿಯೂ ಮಗುವಿನ ಕೈಹಿಡಿದು ಹೋಗಳು. ನಮ್ಮ ಬೈಂಡಿಂಗ್ ಹಿರಿಯರು ರುಬ್ಬುವ ಗುಂಡನ್ನು ಅಲ್ಲಿಗೆ ಹೊತ್ತಾರೆಯೇ? ಹದಿನೈದು ಅಡಿ ದಾಟಲು ಎರಡು ವರ್ಷ ತೆಗೆದುಕೊಂಡ ಆ ಗೃಹಿಣಿ ನಲವತ್ತೆರಡು ಮೆಟ್ಟಿಲು ಹತ್ತಲು ಎಷ್ಟು ವರ್ಷ ತೆಗೆದುಕೊಳ್ಳಬೇಕು?

ಮನವಿಯೊಂದನ್ನು ಬರೆದೆವು. ಕರಡು ಗಡಿಯಾರದ ಸಾಹೇಬರದು, ವ್ಯಾಕರಣ ತಿದ್ದಿದವರು ಅರ್ಚಕರು. ನಾನು ಸಹಿ ಸಂಗ್ರಹಿಸಿದೆ. ಅಧಿಕಾರಿಗಳು ಸೌಜನ್ಯದಿಂದಲೇ ಓದಿದರು. ಓದಿ ಒಂದು ಪ್ರಶ್ನೆ ಕೇಳಿದರು: ತಿಂಗಳಿಗೆ ಎಷ್ಟು ಮಂದಿ ಪುಸ್ತಕ ಪಡೆಯುತ್ತಾರೆ? ಗ್ರಂಥಪಾಲಕಿ ಎರವಲು ವಹಿಯನ್ನು ಮುಂದಿಟ್ಟರು. ಸಹಿ ಹಾಕಿದವರ ಪಟ್ಟಿ ಉದ್ದವಿತ್ತು, ವಹಿಯ ಪಟ್ಟಿ ಗಿಡ್ಡವಿತ್ತು. ಅವರು ಮತ್ತೇನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಪ್ರಸ್ತಾಪವನ್ನು ಮಳೆಗಾಲ ಕಳೆದ ಮೇಲೆ ಮತ್ತೆ ಪರಿಶೀಲಿಸುತ್ತಾರಂತೆ.

ಆದುದರಿಂದ ನಮ್ಮ ಧರ್ಮಕೇಂದ್ರದ ಕುಟುಂಬಗಳೊಡನೆ ಒಂದು ಮಾತಾಗಿದೆ. ನಮ್ಮೂರಿನ ಗ್ರಂಥಾಲಯಕ್ಕೆ ಸೋಮವಾರ ರಜೆ, ಭಾನುವಾರ ತೆರೆದಿರುತ್ತದೆ. ಎರಡನೆಯ ಬಲಿಪೂಜೆ ಮುಗಿಯುವುದು ಒಂಬತ್ತೂವರೆಗೆ. ಮಾಂಸದಂಗಡಿಯ ಸಾಲಿಗೆ ಒಬ್ಬರು ಹೋದರೆ ಸಾಕು. ಉಳಿದವರು ಬಸ್ ನಿಲ್ದಾಣದ ಹಿಂದಿನ ರಸ್ತೆಯಿಂದ ಮನೆಗೆ ಹೋಗಬಹುದು. ವಿಳಾಸದ ಪುರಾವೆ, ಒಂದು ಭಾವಚಿತ್ರ, ಅಲ್ಪ ಠೇವಣಿ ಸಾಕು. ಹಿಂದಿನಂತೆ ಜಾಮೀನುದಾರರನ್ನು ಹುಡುಕುವ ತೊಂದರೆ ಬಿದ್ದರೆ ಗುರುನಿವಾಸದ ಬಾಗಿಲು ತಟ್ಟಿ. ಏನು ಓದಬೇಕೆಂದು ನಾನು ಹೇಳುವುದಿಲ್ಲ. ಅಡುಗೆಯ ಪುಸ್ತಕವಾದರೂ ಸರಿ, ಪತ್ತೇದಾರಿಯಾದರೂ ಸರಿ. ಹೊರಬರುವಾಗ ವಹಿಯಲ್ಲಿ ಒಂದು ಸಾಲು ಹೆಚ್ಚಿರಲಿ. ಬೇರೆ ಊರುಗಳಲ್ಲಿ ಈ ಪತ್ರಿಕೆ ಓದುತ್ತಿರುವವರು ತಮ್ಮ ಊರಿನ ಗ್ರಂಥಾಲಯದ ರಜೆಯ ದಿನವನ್ನು ವಿಚಾರಿಸಿಕೊಳ್ಳಿರಿ. ಅದು ಎಲ್ಲಿದೆಯೆಂದೇ ತಿಳಿಯದಿದ್ದರೆ, ಮನೆಯ ಮಕ್ಕಳನ್ನು ಕೇಳಿ ನೋಡಿ.

ಕಳೆದ ಭಾನುವಾರ ಹನ್ನೊಂದು ಕುಟುಂಬಗಳು ಬಂದಿದ್ದವು. ಮುಂದಿನ ಕೋಣೆಯಲ್ಲಿ ಜಾಗ ಸಾಲದೆ ಅರ್ಚಕರು ಕ್ರೀಡಾಪುಟದೊಡನೆ ಜಗಲಿಗೆ ಬಂದರು. ಮಕ್ಕಳ ಕಪಾಟಿನ ಮುಂದೆ ಸಣ್ಣದೊಂದು ಜಗಳವಾಯಿತು. ನನ್ನ ಬಳಿ ಇರುವ 'ಹಸುರು ಹೊನ್ನು'ವಿನ ಅವಧಿ ಬರುವ ಗುರುವಾರಕ್ಕೆ ಮುಗಿಯುತ್ತದೆ. ಇದು ಐದನೆಯ ಬಾರಿ ತಂದದ್ದು. ಇನ್ನೊಮ್ಮೆ ಮುದ್ರೆ ಹಾಕಿಸಿಕೊಳ್ಳೋಣವೆಂದಿದ್ದೆ. ಗ್ರಂಥಪಾಲಕಿ ಒಪ್ಪಲಿಲ್ಲ. ಪೀಠದ ವಸ್ತ್ರ ಹೊಲಿದ ತಾಯಿಯ ಮಗಳು ತನಗೆ ಬೇಕೆಂದು ಹೆಸರು ಬರೆಸಿ ಹೋಗಿದ್ದಾಳಂತೆ.